ಮೊದಲು ಶಬ್ದ ಕೇಳು

ಮಾರ್ಚ್ ೯, ಭಾನುವಾರ, ಮಧ್ಯಾಹ್ನ

ಪ್ರೀತಿಯ ಕೊಕ್ಕರೆ,

"ಮಾತು ಮುಗಿದ ಮೇಲೆ ಉಳಿಯುವುದು ದನಿ." ಆ ಸಾಲು ಹೀಗೇ ಇತ್ತಲ್ಲವೇ? ಅಥವಾ ಕೊನೆಯಲ್ಲಿ ಇನ್ನೇನೋ ಇತ್ತೇ? ಹಾಸ್ಟೆಲಿನ ಮೆಟ್ಟಿಲ ಮೇಲೆ ಒಂದು ಕಾಲು ಮಡಚಿಕೊಂಡು ನೀನು ಓದಿ ಹೇಳಿದ್ದೆ. ಆ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ, ಬರೆದವರು ಯಾರೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಅಂದು ನಾನು ಎಂಥ ಸಾಲು ಎಂದು ತಲೆದೂಗಿದ್ದೆ. ಈಗ ಆ ಕವಿ ಎದುರು ಸಿಕ್ಕರೆ ಒಂದು ಮಾತು ಕೇಳಬೇಕು: ನಿಮ್ಮ ಮನೆಯಲ್ಲಿ ಯಾರದಾದರೂ ದನಿ ಹೋಗಿತ್ತೇ ಸ್ವಾಮಿ? ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಹೋದದ್ದೇ ಅದು. ಮಾತು ಇನ್ನೂ ಬೇಕಾದಷ್ಟು ಬಾಕಿ ಇದೆ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ "ಹಲೋ" ಕೇಳಿದರೆ ನಾನು ಅಳುತ್ತೇನೆ, ಕಾಗದದ ಮೇಲಾದರೆ ಸ್ವಲ್ಪ ಮರ್ಯಾದೆಯಿಂದ ಇರುತ್ತೇನೆ. ಅದೂ ಅಲ್ಲದೆ ಇಷ್ಟು ದಿನ ನನ್ನ ಕೈಯಲ್ಲಿ ಪೆನ್ನಿರಲಿಲ್ಲ, ಸ್ಕ್ರೂಡ್ರೈವರ್ ಇತ್ತು. ನಗಬೇಡ. ನಮ್ಮ ಕಂಪ್ಯೂಟರ್ ಕೆಟ್ಟಿದೆ. ಅದನ್ನು ರಿಪೇರಿ ಮಾಡುತ್ತಿದ್ದವಳು ನಾನು, ಮಾಡಿಸುತ್ತಿದ್ದವರು ಮಂಚದ ಮೇಲಿದ್ದ ಇವರು, ನೀನು ಹೆಸರಿಟ್ಟ ಸ್ಕ್ರೂ ಸಾಹೇಬರು.

ಇವರ ಸ್ಥಿತಿ ನಿನಗೆ ಸ್ವಲ್ಪ ಗೊತ್ತು, ಉಳಿದದ್ದನ್ನು ಹೇಳುತ್ತೇನೆ. ಕೈ ಹೋಗಿ ಬಹಳ ಕಾಲವಾಯಿತು. ಆಮೇಲೆ ನಾಲಿಗೆ ತೊದಲಿತು, ಆಮೇಲೆ ದನಿ ಪೂರ್ತಿ ನಿಂತಿತು. ಈಗ ಇವರ ವಶದಲ್ಲಿರುವುದು ಕಣ್ಣು, ರೆಪ್ಪೆ ಮತ್ತು ಆ ಹಾಳು ಬುದ್ಧಿ. ಬುದ್ಧಿಗೆ ಈ ಕಾಯಿಲೆ ತಾಗುವುದಿಲ್ಲವಂತೆ. ಅದನ್ನು ಡಾಕ್ಟರು ಒಳ್ಳೆಯ ಸುದ್ದಿ ಎಂಬಂತೆ ಹೇಳಿದರು.

ದನಿ ಇನ್ನೂ ಚೆನ್ನಾಗಿದ್ದಾಗಲೇ ಮಾತಿನ ಡಾಕ್ಟರಮ್ಮ ಒಂದು ಉಪಾಯ ಹೇಳಿದ್ದರು. ಅವರು ಕೊಟ್ಟ ವಾಕ್ಯಗಳನ್ನೆಲ್ಲ ಇವರು ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಡಬೇಕು. ಆ ದನಿಯನ್ನು ಕಲಿತ ಯಂತ್ರವೊಂದು ಮುಂದೆ ಇವರು ಹೇಳಬೇಕೆಂದದ್ದನ್ನೆಲ್ಲ ಇವರದೇ ದನಿಯಲ್ಲಿ ಹೇಳುತ್ತದೆ. ಇವರು ದಿನಾ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ನನಗೆ ಒಳಗೆ ಪ್ರವೇಶವಿರಲಿಲ್ಲ. "ನೀನಿದ್ರೆ ನಗು ಬರುತ್ತೆ, ಹೋಗು." ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದರು. "ಇದು ನಾನಲ್ಲ ಕಣೇ, ಯಾವನೋ ವಾರ್ತೆ ಓದೋನು" ಎಂದು ಅಳಿಸುತ್ತಿದ್ದರು. ಬಾಗಿಲಾಚೆಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ವಾಕ್ಯ: "ಟೀ ತಣ್ಣಗಾಗಿದೆ, ಪರವಾಗಿಲ್ಲ ಕೊಡು." ಅದು ಡಾಕ್ಟರಮ್ಮನ ಹಾಳೆಯಲ್ಲಿ ಇರಲಿಲ್ಲ, ಸ್ವಂತ ರಚನೆ.

ಎಲ್ಲ ಮುಗಿದ ಮೇಲೆ ಒಟ್ಟಿಗೆ ಕಳಿಸುತ್ತೇನೆ ಎಂದರು. ಮುಗಿಯಿತೆಂದು ಅವರಿಗೆ ಎಂದೂ ಅನಿಸಲಿಲ್ಲ. ತಮ್ಮ ರಿಪೇರಿ ಅಂಗಡಿಗೆ ಬಂದ ಪ್ರತಿ ಗಿರಾಕಿಯ ಮುಖಕ್ಕೂ "ನಕಲು ಎಲ್ರೀ? ನಕಲು ಇಟ್ಕೊಳ್ಳದೆ ಕಂಪ್ಯೂಟರ್ ಯಾಕ್ರೀ ಬೇಕು ನಿಮಗೆ?" ಎಂದು ಬಯ್ಯುತ್ತಿದ್ದ ಮನುಷ್ಯ ತನ್ನದಕ್ಕೆ ನಕಲು ತೆಗೆದಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಎಲ್ಲ ಸಮಾರಂಭದಲ್ಲೂ ಕ್ಯಾಮೆರಾ ಹಿಡಿದವರು ಇವರೇ. ಒಂದರಲ್ಲಿ ಕೆಮ್ಮಿದ್ದಾರೆ. ಇನ್ನೊಂದರಲ್ಲಿ "ಹೂಂ, ನಗಿ" ಎಂದಿದ್ದಾರೆ. ಇಷ್ಟೇ ನನ್ನ ಆಸ್ತಿ.

ಉಳಿದದ್ದೆಲ್ಲ ಆ ಡಬ್ಬದೊಳಗಿತ್ತು. ಡಾಕ್ಟರಮ್ಮ ಫೋನ್ ಮಾಡಿ "ಇನ್ನು ತಡ ಮಾಡ್ಬೇಡಿ, ಇದ್ದಷ್ಟನ್ನೇ ಕಳಿಸಿ" ಎಂದ ದಿನ ನಾನು ಅದರ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಬಂತು, ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು, ಆಮೇಲೆ ಕತ್ತಲು. ಮತ್ತೆ ತಾನಾಗಿಯೇ ಫ್ಯಾನು, ದೀಪ, ಗುರುತು, ಕತ್ತಲು. ಹೊಸಿಲು ದಾಟುವಾಗ ಏನೋ ಮರೆತೆ ಎಂದು ವಾಪಸು ಹೋಗುವವರಿಲ್ಲವೇ, ಹಾಗೆ.

ನಮ್ಮ ಸಂಭಾಷಣೆಯ ರೀತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಿನಗೆ ಮುಂದಿನದು ಅರ್ಥವಾಗದು. ರೆಪ್ಪೆ ಒಮ್ಮೆ ಮುಚ್ಚಿದರೆ ಹೌದು. ಕಣ್ಣು ಕಿಟಕಿಯ ಕಡೆ ಹೋದರೆ ಇಲ್ಲ. ಪೂರ್ತಿ ಮಾತು ಬೇಕಾದರೆ ನಾನು ಅಕ್ಷರಮಾಲೆ ಹೇಳುತ್ತೇನೆ. ಮೊದಲು ಸಾಲು: ಕ ಸಾಲಾ, ಚ ಸಾಲಾ, ಟ ಸಾಲಾ? ರೆಪ್ಪೆ ಬಿದ್ದಲ್ಲಿ ನಿಂತು ಆ ಸಾಲಿನ ಅಕ್ಷರಗಳು. ಅಕ್ಷರ ಸಿಕ್ಕ ಮೇಲೆ ಅದರ ಕಾಗುಣಿತ. ಒಂದನೇ ತರಗತಿಯಲ್ಲಿ ಕೋಲಿನೇಟು ತಿಂದು ಕಲಿತದ್ದು ಈ ವಯಸ್ಸಿನಲ್ಲಿ ಸಂಸಾರ ನಡೆಸುತ್ತಿದೆ ನೋಡು. ಒಮ್ಮೊಮ್ಮೆ ಅತ್ತೆ ನನ್ನ ಜಾಗಕ್ಕೆ ಕೂರುತ್ತಾರೆ. ಅವರು ಹೊರಟರೆ ರೈಲು. ಮಗನ ರೆಪ್ಪೆ ಬೀಳುವ ಹೊತ್ತಿಗೆ ಎರಡು ಸಾಲು ಮುಂದೆ ಹೋಗಿರುತ್ತಾರೆ. "ಬೇಗ ಬೇಗ ಕಣ್ಣು ಮುಚ್ಚೋ, ಚಿಕ್ಕವನಾಗಿದ್ದಾಗಲೂ ಹೀಗೇ ನೀನು, ಎಲ್ಲಾ ನಿಧಾನ" ಎಂದು ಬೈಯುತ್ತಾರೆ. ಇವರ ಕಣ್ಣು ನಗುತ್ತದೆ.

ಅತ್ತೆಗೆ ಕಿವಿ ಮಂದವಾದ್ದರಿಂದ ಒಂದು ಅಭ್ಯಾಸ ಬೆಳೆದಿದೆ. ಇವರ ಮಾತು ಪೂರ್ತಿಯಾದ ಕೂಡಲೇ ನಾನು ಅದನ್ನು ಗಟ್ಟಿಯಾಗಿ ಹೇಳುತ್ತೇನೆ, ಇವರು ಹೇಳುತ್ತಿದ್ದ ಧಾಟಿಯಲ್ಲೇ, ಗಂಟಲು ಸ್ವಲ್ಪ ದಪ್ಪ ಮಾಡಿ. ಹಾಗೆ ಹೇಳಿದರೆ ಮಗನೇ ಮಾತಾಡಿದ ಹಾಗೆ ಅತ್ತೆ ಉತ್ತರ ಕೊಡುತ್ತಾರೆ. ನನ್ನ ಧಾಟಿಯಲ್ಲಿ ಹೇಳಿದರೆ "ಅದು ನಿನ್ನ ಮಾತು, ಅವನೇನಂದ?" ಎನ್ನುತ್ತಾರೆ.

ಮೊದಲ ದಿನ ಇವರು ಹೇಳಿದ್ದು: "ಮೊದಲು ಶಬ್ದ ಕೇಳು." ಅಂಗಡಿಯಲ್ಲೂ ಇದೇ ಪದ್ಧತಿ. ಯಾವ ಯಂತ್ರ ಬಂದರೂ ಬಿಚ್ಚುವ ಮುನ್ನ ಕಿವಿ ಇಟ್ಟು ಕೇಳುತ್ತಿದ್ದರು, ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ. ನಾನು ಕೇಳಿದೆ. ಫ್ಯಾನಿನ ಸದ್ದಿನ ಕೆಳಗೆ ಇನ್ನೇನೋ ಇತ್ತು. ಟಿಕ್. ಸ್ವಲ್ಪ ಬಿಟ್ಟು ಟಿಕ್. ಯಾರೋ ಉಗುರಿನಿಂದ ಮೇಜು ತಟ್ಟಿದ ಹಾಗೆ. ಹೇಳಿದೆ. "ಕಿವಿ ಹತ್ತಿರ ತಾ" ಎಂದರು. ಸ್ಟೂಲಿನ ಮೇಲೆ ಡಬ್ಬ ಇಟ್ಟು, ಸ್ಟೂಲನ್ನು ದಿಂಬಿನ ಪಕ್ಕಕ್ಕೆ ಎಳೆದು, ಗುಂಡಿ ಒತ್ತಿದೆ. ಇವರು ಕೇಳಿದರು. ಆಮೇಲೆ ಕಣ್ಣು ಮುಚ್ಚಿ ಬಹಳ ಹೊತ್ತು ತೆರೆಯಲಿಲ್ಲ. ಹೌದು ಎಂದರ್ಥವೋ, ನಿದ್ದೆಯೋ, ಯೋಚನೆಯೋ ತಿಳಿಯದೆ ಕಾದೆ. ತೆರೆದ ಮೇಲೆ ಒಂದೊಂದೇ ಅಕ್ಷರವಾಗಿ ಬಂದದ್ದು: "ವೈರ್ ನೋಡು."

ಅಂಗಡಿಯ ಪಾಲುದಾರ ಬೋಳಣ್ಣನನ್ನು ಕರೆಸಲೇ ಎಂದೆ. ಕಣ್ಣು ಕಿಟಕಿಗೆ ಹೋಯಿತು. "ಬೇಡ. ನಾವೇ."

ಆ "ನಾವೇ" ಎಂಬ ಪದ ನನ್ನನ್ನು ಎಷ್ಟು ಹಿಗ್ಗಿಸಿತು, ಕೊಕ್ಕರೆ! ಮದುವೆಯಾದ ಹೊಸತರಲ್ಲಿ ಕೂಡ ಇವರು ನನ್ನನ್ನು ಸ್ಕ್ರೂಡ್ರೈವರ್ ಮುಟ್ಟಲು ಬಿಟ್ಟಿರಲಿಲ್ಲ. "ನಿನಗೆ ಪದ್ಯ, ನನಗೆ ಇದು" ಎನ್ನುತ್ತಿದ್ದರು.

ಹಾಗೆ ಶುರುವಾಯಿತು ನನ್ನ ಹೊಸ ಓದು. ಇವರ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸು, ಸ್ಟಾರ್ಟ್ ಮಾಡು, ನೋಡು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ, ಸ್ಟಾರ್ಟ್ ಮಾಡಿದೆ. ಪ್ರಿಂಟರು, ಸ್ಪೀಕರು ಎಲ್ಲ ಬಿಡಿಸಿದೆ, ಸ್ಟಾರ್ಟ್ ಮಾಡಿದೆ. ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದೆ. ಮುಚ್ಚಳ ತೆಗೆದು ಧೂಳು ಒರೆಸಿದೆ. ಅತ್ತೆ ಬಾಗಿಲಲ್ಲಿ ನಿಂತು, "ನಿನ್ನ ಎಂಎಗೆ ಅಂತೂ ಒಂದು ಉಪಯೋಗ ಆಯ್ತಲ್ಲ. ನಮ್ಮ ಕಾಲದಲ್ಲಿ ರೇಡಿಯೋ ಕೆಟ್ರೆ ನೆತ್ತಿ ಮೇಲೆ ಎರಡು ಕೊಡ್ತಿದ್ವಿ, ಹಾಡೋದು" ಎಂದರು. ಇವರನ್ನು ಕೇಳಿದೆ, ಕೊಡಲೇ ಎಂದು. ಒಂದು ರೆಪ್ಪೆ. ಕೊಟ್ಟೆ. ಹಾಡಲಿಲ್ಲ.

ಮೆಮೊರಿ ಎನ್ನುವ ಪಟ್ಟಿಗಳನ್ನು ತೆಗೆದು, ಅವುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕಂತೆ. ಉಜ್ಜಿದೆ. ನೆನಪು ಸರಿಹೋಗಲು ಅದನ್ನು ರಬ್ಬರಿನಿಂದ ಉಜ್ಜುವುದು! ಇದರ ಮೇಲೆ ಒಂದು ಪದ್ಯ ಬರೆಯಬಹುದು ಎಂದೆ. "ಬರೀಬೇಡ" ಎಂದರು. ಅಷ್ಟೊಂದು ಅಕ್ಷರ ಖರ್ಚು ಮಾಡಿ.

ಒಂದು ದಿನ ಪರದೆಯ ಮೇಲೆ ಬರಹ ಬಂತು: ಕೀಬೋರ್ಡ್ ಕಾಣುತ್ತಿಲ್ಲ, ಮುಂದುವರಿಯಲು ಯಾವುದಾದರೂ ಕೀ ಒತ್ತಿ. ನಾನು ಓದಿ ಹೇಳಿದೆ. ಇವರು ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ ಜೋಕು ಅದು. ನಾವಿಬ್ಬರೂ ನಕ್ಕೆವು. ನನ್ನ ನಗು ಜೋರಾಯಿತು, ಇವರದು ಬರೀ ಕಣ್ಣೀರಾಗಿ ಇಳಿಯಿತು. ಈಗ ಇವರ ನಗುವೂ ಅಳುವೂ ಒಂದೇ ದಾರಿಯಲ್ಲಿ ಬರುತ್ತವೆ, ಒರೆಸುವವಳೇ ಯಾವುದೆಂದು ಊಹಿಸಬೇಕು.

ಆ ದಿನಗಳಲ್ಲಿ ಪಕ್ಕದ ಮನೆಯ ಹೊಲಿಗೆಯವಳು ಬಂದಿದ್ದಳು. ಅವಳಿಗೂ ನಮಗೂ ನಡುವೆ ಇರುವುದು ಒಂದೇ ತೆಳು ಗೋಡೆ. ಅವಳ ಮೆಷಿನ್ನಿನ ಸದ್ದು ನಮಗೆ, ನಮ್ಮ ಕಾಗುಣಿತ ಅವಳಿಗೆ. "ಏನಕ್ಕಾ, ಮನೆಯಲ್ಲಿ ಶಾಲೆ ತೆರೆದಿದ್ದೀರಾ?" ಎಂದಳು. ಕಂಪ್ಯೂಟರಿನ ವಿಷಯ, ಅದು ಸರಿಹೋದರೆ ಇವರ ದನಿ ವಾಪಸು ಬರುವ ವಿಷಯ ಎಲ್ಲ ಹೇಳಿದೆ. ಕೈಯಲ್ಲಿದ್ದ ಅಳತೆಯ ಟೇಪನ್ನು ಸುತ್ತುತ್ತಾ ಕೇಳಿದಳು. "ಅಣ್ಣೋರು ಮಾತಾಡಿದ್ ದಿನ ನನಗೂ ಹೇಳಿ, ಆ ದನಿ ಕೇಳಿ ಎಷ್ಟು ಕಾಲ ಆಯ್ತು" ಎಂದು ಹೋದಳು.

ಒಳಗಿದ್ದ, ಅಂಗಿಯ ಗುಂಡಿಯಷ್ಟಿರುವ ಬ್ಯಾಟರಿಯನ್ನು ಬದಲಾಯಿಸಿದ ದಿನ ನಮ್ಮ ಅದೃಷ್ಟ ತಿರುಗಿತು ಎಂದುಕೊಂಡೆ. ಗುರುತು ಬಂತು, ಕತ್ತಲಾಗಲಿಲ್ಲ. ನಿಧಾನವಾಗಿ ಇವರು ತೆಗೆದ ಹಳೆಯ ಫೋಟೋ, ನಮ್ಮ ಮಹಡಿಯ ಬಟ್ಟೆ ಒಣಗಿಸುವ ಹಗ್ಗ, ಪರದೆ ತುಂಬ ಹರಡಿತು. ಅದರ ಮೂಲೆಯಲ್ಲಿ ಒಂದು ಹಳದಿ ಚೌಕ, ಫೋಲ್ಡರು. ಅದರ ಹೆಸರು "ನಾನು". ಅದರ ಮೇಲೆ ಒತ್ತಿದೆ. ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ತಟ್ಟಿತು. ಆಮೇಲೆ ಒಳಗಿಂದ ಕೀರಲು ಸದ್ದು, ತಟ್ಟೆಯ ಮೇಲೆ ಮೊಳೆ ಎಳೆದ ಹಾಗೆ. ಕತ್ತಲು. ಆಮೇಲೆ ಆ ಚಿತ್ರವೂ ಬರಲಿಲ್ಲ, ಗುರುತೊಂದೇ.

"ನೋಡಿದ್ರಾ? ಇತ್ತು! ನಾನು ಅಂತ ಇತ್ತು!" ಎಂದು ಕೂಗಿದೆ. ಇವರ ಕಣ್ಣು ಕಿಟಕಿಯಲ್ಲಿತ್ತು. ನಾನೇನೂ ಪ್ರಶ್ನೆ ಕೇಳಿರಲಿಲ್ಲ, ಆದ್ದರಿಂದ ಅದು "ಇಲ್ಲ" ಎಂದಿರಲಿಕ್ಕಿಲ್ಲ ಎಂದುಕೊಂಡೆ. "ಇನ್ನೊಂದ್ಸಲ ಸ್ಟಾರ್ಟ್ ಮಾಡಲಾ?" ಎಂದೆ. ಒಂದು ರೆಪ್ಪೆ.

ಕೊನೆಗೆ ಇವರಿಗೆ ತಿಳಿಸದೆ ಬೋಳಣ್ಣನಿಗೆ ಹೇಳಿಕಳಿಸಿದೆ. ಬಂದವನು ಇವರ ಪಾದ ಮುಟ್ಟಿ ಸ್ವಲ್ಪ ಹೊತ್ತು ಕೂತ. ಆಮೇಲೆ ಡಬ್ಬಕ್ಕೆ ಕಿವಿ ಇಟ್ಟ. ಕೂಡಲೇ ವೈರನ್ನು ಕಿತ್ತ. ರೆಕಾರ್ಡ್ ಮಾಡಿದ್ದೆಲ್ಲ ಇದ್ದ ಡಿಸ್ಕನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಹೋದ, ಎಳೆಗೂಸನ್ನು ಒಯ್ಯುವ ಹಾಗೆ. ಅಂಥದ್ದನ್ನೇ ತೆರೆದು ನೋಡುವ ಪ್ರಯೋಗಾಲಯಕ್ಕೆ ಕಳಿಸಿದ. ಮೊನ್ನೆ ಅದು ವಾಪಸು ಬಂತು. ಒಳಗಿನ ತಟ್ಟೆ ಪೂರ್ತಿ ಗೀರಿ ಹೋಗಿದೆಯಂತೆ, ಕನ್ನಡಿಯಂತೆ ಇರಬೇಕಾದದ್ದು ಪುಡಿ ಪುಡಿಯಂತೆ. ಏನೂ ಸಿಗಲಿಲ್ಲ. ಅರ್ಧ ವಾಕ್ಯವೂ ಇಲ್ಲ. ತಣ್ಣಗಾದ ಟೀಯೂ ಇಲ್ಲ.

ಇಷ್ಟು, ನನ್ನ ಸುದ್ದಿ. ಡಬ್ಬ ಈಗ ಮೂಲೆಯಲ್ಲಿದೆ, ಮುಚ್ಚಳ ಹಾಕಿಲ್ಲ. ಅತ್ತೆ ಅದರ ಮೇಲೆ ಮಡಚಿದ ಬಟ್ಟೆ ಇಡಲು ಶುರು ಮಾಡಿದ್ದಾರೆ. ಡಾಕ್ಟರಮ್ಮ ಬೇರೆ ಯಾರದೋ ದನಿಯ ಯಂತ್ರ ಕೊಡಿಸುತ್ತೇನೆ ಎಂದರು, ಮಾದರಿಗೆ ಕೇಳಿಸಿದರು. ತುಂಬ ಚೆನ್ನಾಗಿ ಮಾತಾಡುವ ಗಂಡಸು. ಅಂಥವನನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ನಿನ್ನ ಮಂಡಿಯನ್ನು ನೋಡಿಕೊ. ಕೊಕ್ಕರೆಗೆ ಕಾಲೇ ಹೋದರೆ ಇನ್ನೇನು ಉಳಿಯುತ್ತದೆ? ಮಗಳಿಗೆ ತಿಂಗಳು ತುಂಬುತ್ತಿದೆ ಎಂದು ನೀನು ಬರೆದಿದ್ದೆ. ಅವಳ ತಲೆ ಮೇಲೆ ನನ್ನ ಕೈ ಇಟ್ಟಿದ್ದೇನೆ ಎಂದು ಹೇಳು. ಹುಟ್ಟುವ ಕೂಸು ಮೊದಲ ದಿನವೇ ಮನೆಯ ಸೂರು ಹಾರಿಹೋಗುವ ಹಾಗೆ ಅಳಲಿ. ಯಾರೂ ಅದನ್ನು ಸುಮ್ಮನಾಗಿಸಬೇಡಿ.

ನಿನ್ನ,
ಆಮೆ

ಮರೆತದ್ದು, ಸೋಮವಾರ ಬೆಳಿಗ್ಗೆ:

ಮರೆತದ್ದಲ್ಲ. ಬರೆಯಬಾರದೆಂದು ಬಿಟ್ಟಿದ್ದೆ. ಲಕೋಟೆ ಅಂಟಿಸುವಷ್ಟರಲ್ಲಿ ಕೈ ಸೋತಿತು.

ಡಿಸ್ಕ್ ವಾಪಸು ತಂದ ದಿನ ಬೋಳಣ್ಣ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದ: "ಅತ್ತಿಗೆ, ಮೊದಲ ಸಲ ಟಿಕ್ ಅಂದಾಗಲೇ ಆಫ್ ಮಾಡಿ ಇಟ್ಟಿದ್ರೆ ಎಲ್ಲಾ ಸಿಕ್ತಿತ್ತು. ಆ ಶಬ್ದ ಬಂದ ಮೇಲೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಅದು ತನ್ನನ್ನ ತಾನೇ ಕೆರ್ಕೊಳ್ಳುತ್ತೆ. ನನಗೆ ಇದನ್ನ ಹೇಳಿಕೊಟ್ಟೋರೇ ಅಣ್ಣ. ಅವರು ಯಾಕೆ..." ಅಷ್ಟಕ್ಕೇ ನಿಲ್ಲಿಸಿ ಹೋದ.

ಎರಡು ದಿನ ನಾನು ಕೇಳಲಿಲ್ಲ. ನಿನಗೆ ಪತ್ರ ಮುಗಿಸಿದ ಮೇಲೆ, ನಿನ್ನೆ ಸಂಜೆ, ಹೋಗಿ ಮಂಚದ ಅಂಚಿಗೆ ಕೂತೆ.

"ಕಿವಿ ಹತ್ತಿರ ಇಟ್ಟಾಗಲೇ ಗೊತ್ತಾಯ್ತಾ ನಿಮಗೆ?"

ಒಂದು ರೆಪ್ಪೆ.

"ಆಫ್ ಮಾಡಬೇಕು ಅಂತಲೂ ಗೊತ್ತಿತ್ತಾ?"

ಒಂದು ರೆಪ್ಪೆ.

"ನನ್ನ ಕೈಯಲ್ಲೇ ಮಾಡಿಸಿದ್ರಲ್ಲ. ಯಾಕೆ?"

ಸಾಲು ಹೇಳಿದೆ, ಅಕ್ಷರ ಹೇಳಿದೆ, ಕಾಗುಣಿತ ಹೇಳಿದೆ. ನನ್ನನ್ನು ಕೊಯ್ಯುವ ಮಾತನ್ನು ನಾನೇ ಒಂದೊಂದಾಗಿ ಆರಿಸಿ ಕೊಡಬೇಕು, ಬೇರೆ ದಾರಿಯಿಲ್ಲ. ಪೂರ್ತಿಯಾದ ಮೇಲೆ, ಅಭ್ಯಾಸ ನೋಡು, ಗಂಟಲು ದಪ್ಪ ಮಾಡಿ ಗಟ್ಟಿಯಾಗಿ ಹೇಳಿಯೂ ಹೇಳಿದೆ: "ನಾನು ಹೋದ್ಮೇಲೆ ನೀನು ಅದರ ಜೊತೆ ಮಾತಾಡ್ಕೊಂಡು ಕೂತಿರ್ತೀಯ. ಬೇಡ."

"ಕೂತಿರ್ತೀನಿ! ಕೂತಿದ್ರೆ ನಿಮಗೇನು ಕಷ್ಟ?" ಎಂದು ಕಿರುಚಿದೆ.

"ಹುಚ್ಚಿ ಆಗ್ತೀಯ."

"ಆಗ್ತೀನಿ. ಹೋಗೋರು ನೀವು, ಇರೋಳು ನಾನು. ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬಿಡ್ತಿರಲಿಲ್ಲ."

"ಹಂಗಂತ ಇಷ್ಟು ದಿನ ನಾಟಕವಾ? ರಬ್ಬರು, ಬ್ಯಾಟರಿ, ನಾವೇ ಅನ್ನೋದು ಎಲ್ಲಾ?"

"ನಾವೇ ಅನ್ನೋದು ನಾಟಕ ಅಲ್ಲ."

ಹೀಗೆ ನಡೆಯಿತು ಜಗಳ. ಎರಡೂ ಕಡೆ ನನ್ನದೇ ಗಂಟಲು. ಬೈದವಳೂ ನಾನು, ಉತ್ತರ ಕೊಟ್ಟವಳೂ ನಾನು, ನಡುನಡುವೆ ಕಾಗುಣಿತ. ಅತ್ತೆ ಕುರ್ಚಿಯಿಂದ "ಏನಂತಾನೆ? ಯಾಕೆ ರೇಗ್ತಿದಾನೆ?" ಎಂದರು. "ಟೀ ಬೇಕಂತೆ" ಎಂದೆ. ಇವರು ಟೀ ಕುಡಿಯುವುದು ಬಿಟ್ಟು ಎಷ್ಟು ಕಾಲವಾಯಿತು ಎಂಬುದು ಅವರಿಗೂ ಗೊತ್ತು. "ಕೊಡು ಮತ್ತೆ" ಎಂದರು.

ಅಡುಗೆಮನೆಗೆ ಹೋಗಿ ನಿಂತೆ. ಇವರ ದನಿಯನ್ನು, ನಿಜವಾದದ್ದನ್ನು, ಒಮ್ಮೆ ನೆನಪಿಗೆ ತಂದುಕೊಳ್ಳೋಣವೆಂದು ಕಣ್ಣು ಮುಚ್ಚಿದೆ. "ಟೀ ತಣ್ಣಗಾಗಿದೆ, ಪರವಾಗಿಲ್ಲ ಕೊಡು." ಪದಗಳೆಲ್ಲ ಬಂದವು. ದನಿ ಮಾತ್ರ ನನ್ನದು, ದಪ್ಪ ಮಾಡಿದ ಗಂಟಲಿನದು. ಅದರ ಹಿಂದೆ ಇನ್ನೊಂದಿರಬೇಕೆಂದು ಹುಡುಕಿದೆ. ಇರಲಿಲ್ಲ. ಎಂದು ಹೋಯಿತೋ ಗೊತ್ತಿಲ್ಲ. ಅವರು ಅಳಿಸುವ ಮೊದಲೇ ನಾನು ಉಜ್ಜಿ ಮುಗಿಸಿದ್ದೆ ಎಂದು ತೋರುತ್ತದೆ.

ಈಗ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದೆ. ಹೊಲಿಗೆಯವಳು ಮೆಟ್ಟಿಲ ಮೇಲೆ ನಿಂತಿದ್ದಳು, ಕೊರಳಲ್ಲಿ ಟೇಪು, ಮುಖ ತುಂಬ ನಗು.

"ಅಕ್ಕಾ, ಕಂಪ್ಯೂಟರ್ ಸರಿಹೋಯ್ತು ಅಂತ ಒಂದು ಮಾತು ಹೇಳ್ಲಿಲ್ಲ ನೋಡಿ ನೀವು! ನಿನ್ನೆ ಸಂಜೆ ಮೆಷಿನ್ ನಿಲ್ಲಿಸಿ ಗೋಡೆಗೆ ಕಿವಿ ಇಟ್ಟು ಕೇಳಿದೆ. ಅಣ್ಣೋರದು ಅದೇ ದನಿ ಅಕ್ಕಾ, ಒಂಚೂರೂ ಬದಲಾಗಿಲ್ಲ."